ಗ್ಯಾರೇಜ್ ಕಟ್ಟೆ: ಎರಡು ಲಕ್ಷ ದಾಟಿದ ಸೆಡಾನ್ ಇನ್ನೆಷ್ಟು ಓಡೀತು?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೇ ಸೆಡಾನ್‌ಗಳ ಬಗ್ಗೆಯೇ. ಎಲ್ಲರೂ ಮೊದಲು ಬರೆಯುವುದು ಮೀಟರಿನ ಅಂಕಿ, ಕೊನೆಗೆ ಬರೆಯುವುದು ಸರ್ವಿಸ್ ಬಿಲ್ಲಿನ ವಿಚಾರ. ಬಿಲ್ಲಿನ ವಿಚಾರ ಮೊದಲು ಬರಬೇಕಿತ್ತು.

ಪ್ರಶ್ನೆ: 2014ರ ಟೊಯೋಟಾ ಇಟಿಯಾಸ್ ಡೀಸೆಲ್ ನೋಡಿದ್ದೇನೆ. 2,10,000 ಕಿ.ಮೀ. ಓಡಿದೆ. ಒಬ್ಬರೇ ಮಾಲೀಕರು, ವಾರವಾರ ಬೆಂಗಳೂರು–ಹುಬ್ಬಳ್ಳಿ ಓಡಾಟ. ಹೆಚ್ಚುಕಮ್ಮಿ ಅದೇ ಬೆಲೆಗೆ ಬೆಂಗಳೂರಿನೊಳಗೇ 70,000 ಓಡಿದ ಇನ್ನೊಂದು ಡೀಸೆಲ್ ಸೆಡಾನ್ ಇದೆ. ಮನೆಯವರೆಲ್ಲ ಎರಡನೆಯದು ಅಂತಾರೆ. — ಹಾಸನದ ಓದುಗರು

ಉತ್ತರ: ಕಿಲೋಮೀಟರ್ ಬಿಡಿ, ಎಂಜಿನ್ ಎಷ್ಟು ಗಂಟೆ ತಿರುಗಿದೆ ಅಂತ ಲೆಕ್ಕ ಹಾಕಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸರಾಸರಿ ಗಂಟೆಗೆ 18 ಕಿ.ಮೀ. ಅಂದುಕೊಂಡರೆ 70,000 ಕಿ.ಮೀ.ಗೆ ಸುಮಾರು 3,900 ಗಂಟೆ. ಹೆದ್ದಾರಿಯಲ್ಲಿ ಸರಾಸರಿ 60 ಅಂದರೆ 2,10,000ಕ್ಕೆ 3,500 ಗಂಟೆ. ಕಡಿಮೆ ಓಡಿದ ಕಾರಿನ ಎಂಜಿನ್ನೇ ಹೆಚ್ಚು ಹೊತ್ತು ದುಡಿದಿದೆ. ಅದೂ ಅರೆಬಿಸಿಯಲ್ಲಿ, ಫಸ್ಟು–ಸೆಕೆಂಡ್ ಗೇರಿನಲ್ಲಿ, ಹೆಜ್ಜೆಹೆಜ್ಜೆಗೂ ಕ್ಲಚ್ ತುಳಿಸಿಕೊಂಡು. ನಿಧಾನ ಓಡಾಟದಲ್ಲಿ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ಮತ್ತು ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಮಸಿ ಡಾಂಬರಿನಂತೆ ಕಟ್ಟಿಕೊಳ್ಳುತ್ತದೆ. ಹೆದ್ದಾರಿ ಕಾರಿನಲ್ಲಿ ಈ ಕಾಟ ಬಹಳ ಕಡಿಮೆ.

ಇಟಿಯಾಸ್ 2010ರ ಕೊನೆಯಿಂದ 2020ರವರೆಗೆ ನಮ್ಮ ಬಿಡದಿಯಲ್ಲೇ ತಯಾರಾದ ಕಾರು. ಡೀಸೆಲ್ ಎಂಜಿನ್ 1364 ಸಿಸಿಯ ಡಿ-4ಡಿ. ವಾಲ್ವ್‌ಗಳನ್ನು ಎಂಜಿನ್ನಿನ ತಾಳಕ್ಕೆ ತೆರೆದು ಮುಚ್ಚಿಸಲು ರಬ್ಬರಿನ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಬಿಎಸ್4 ಹೊಗೆ ನಿಯಮದ ಕಾಲದ್ದಾದ್ದರಿಂದ ಸೈಲೆನ್ಸರಿನಲ್ಲಿ ಡಿಪಿಎಫ್ ಎಂಬ ಮಸಿ ಜರಡಿಯ ತಲೆನೋವೂ ಇಲ್ಲ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತು ವಿಚಾರಿಸಿ, ಮೂರು ಲಕ್ಷ ದಾಟಿದ ಇಟಿಯಾಸ್ ಅಲ್ಲಿ ಸುದ್ದಿಯೇ ಅಲ್ಲ. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ನೋಡಿ ಮೂಗು ಮುರಿಯುವವರಿದ್ದಾರೆ. ಆ ಪ್ಲಾಸ್ಟಿಕ್ಕಿಗೆ ಎಂಜಿನ್ ಹೆಣೆದುಕೊಂಡಿಲ್ಲ.

ಹಾಗಂತ ಕಣ್ಣುಮುಚ್ಚಿ ದುಡ್ಡು ಕೊಡಬೇಡಿ. ಎರಡು ಲಕ್ಷದ ಹೊತ್ತಿಗೆ ಯಾವ ಡೀಸೆಲ್ ಸೆಡಾನ್‌ನಲ್ಲೂ ಕೆಲವು ಭಾಗಗಳು ಬದಲಾಗಿರಬೇಕು, ಇಲ್ಲವೇ ಬದಲಾಗುವ ಸರದಿಯಲ್ಲಿರಬೇಕು. ಕ್ಲಚ್ ಸೆಟ್ ಕನಿಷ್ಠ ಒಮ್ಮೆ, ಲೋಯರ್ ಆರ್ಮ್ ಬುಷ್ ಎರಡು ಸಲ, ಶಾಕ್ ಅಬ್ಸಾರ್ಬರ್ ಒಮ್ಮೆ. ಎಂಜಿನ್ ಮೌಂಟ್, ಆಲ್ಟರ್ನೇಟರಿನ ಬೇರಿಂಗ್ ಮತ್ತು ಬ್ರಶ್, ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕೂಡ ಈ ಸಾಲಿನವೇ. ಇಂಜೆಕ್ಟರ್ ಮತ್ತು ಟರ್ಬೊ ಮಾತ್ರ ಅದೃಷ್ಟಕ್ಕಿಂತ ಹೆಚ್ಚಾಗಿ ಹಿಂದಿನವರ ಶಿಸ್ತಿನ ಮೇಲೆ ನಿಂತಿವೆ: 10,000ಕ್ಕೊಮ್ಮೆ ಎಂಜಿನ್ ಆಯಿಲ್, ಹೊತ್ತಿಗೆ ಸರಿಯಾಗಿ ಡೀಸೆಲ್ ಫಿಲ್ಟರ್. ಬಿಲ್ಲುಗಳಲ್ಲಿ ಇವು ಕಂಡರೆ ಎಂಜಿನ್ ಬಿಚ್ಚದೆ ಇನ್ನೂ ಒಂದು–ಒಂದೂವರೆ ಲಕ್ಷ ನಿರೀಕ್ಷಿಸಬಹುದು. 'ಬಿಲ್ಲೆಲ್ಲಾ ಎಲ್ಲೋ ಕಳೆದುಹೋಯ್ತು ಸಾರ್' ಅಂದರೆ ಬೆಲೆಯಲ್ಲಿ 50,000 ಇಳಿಸಲು ಕೇಳಿ. ಒಪ್ಪದಿದ್ದರೆ ಎದ್ದುಬನ್ನಿ.

ಇನ್ನೊಂದು ಮಾತು. 2014ರ ಕಾರಿನ ಆರ್‌ಸಿ 15 ವರ್ಷಕ್ಕೆ, ಅಂದರೆ 2029ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೊಳ್ಳುವ ಬೆಲೆಯಲ್ಲಿ ಆ ಖರ್ಚನ್ನೂ ಈಗಲೇ ಕಳೆದುಬಿಡಿ.

ಪ್ರಶ್ನೆ: ಮೀಟರ್ ತಿರುಗಿಸಿದ್ದಾರೋ ಇಲ್ಲವೋ ಅಂತ ಸಾಮಾನ್ಯರು ಪತ್ತೆ ಮಾಡೋದು ಹೇಗೆ? — ಮೈಸೂರಿನ ಓದುಗರು

ಉತ್ತರ: ಡಿಜಿಟಲ್ ಮೀಟರ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಕಾರಿನ ಉಳಿದ ಭಾಗಗಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 3219 ಅಂದರೆ 2019ರ 32ನೇ ವಾರ ತಯಾರಾದದ್ದು. ಕಾರು 2017ರದ್ದು, ಮೀಟರ್ 38,000, ಆದರೆ ನಾಲ್ಕೂ ಟೈರು ಹೊಸವು ಅಂದರೆ ಲೆಕ್ಕ ತಾಳೆಯಾಗುವುದಿಲ್ಲ. ಒಳ್ಳೆಯ ಟೈರು 45–50 ಸಾವಿರ ಬಾಳುತ್ತದೆ. ಕಾರಿನ ಜೊತೆಯೇ ಬಂದ ಟೈರು ಸಾಮಾನ್ಯವಾಗಿ ಡಿಕ್ಕಿಯಲ್ಲಿ ಸ್ಟೆಪ್ನಿಯಾಗಿ ಮಲಗಿರುತ್ತದೆ, ಅದರ ತಾರೀಖನ್ನೂ ನೋಡಿ.

ಬ್ರೇಕ್ ಮತ್ತು ಕ್ಲಚ್ ಪೆಡಲಿನ ರಬ್ಬರ್ ಹೊಳೆಯುವಷ್ಟು ಸವೆದಿದ್ದರೆ, ಚಾಲಕನ ಸೀಟಿನ ಬಲಗಡೆಯ ಏಣು ಕುಸಿದಿದ್ದರೆ, ಗೇರ್ ನಾಬ್ ಮೇಲಿನ ಅಂಕಿ ಅಳಿಸಿದ್ದರೆ ಲಕ್ಷ ದಾಟಿದ ಕಾರು ಅಂತಲೇ ಅರ್ಥ. ಪೆಡಲ್ ರಬ್ಬರ್ ಮಾತ್ರ ಹೊಚ್ಚಹೊಸದಾಗಿದ್ದರೆ ಇನ್ನೂ ಹೆಚ್ಚು ಅನುಮಾನ ಪಡಿ. ಸಾವಿರ ರೂಪಾಯಿಯೊಳಗಿನ ಆ ರಬ್ಬರನ್ನು ಯಾರೂ ಸುಮ್ಮನೆ ಬದಲಿಸುವುದಿಲ್ಲ.

ನಂಬಬಹುದಾದ ದಾಖಲೆ ಅಂದರೆ ಅಧಿಕೃತ ಸರ್ವಿಸ್ ಸೆಂಟರಿನದು. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಷಾಸಿ ನಂಬರ್ ಕೊಟ್ಟು ಹಿಸ್ಟರಿ ಕೇಳಿ. ಪ್ರತಿ ಭೇಟಿಯ ತಾರೀಖು, ಕಿಲೋಮೀಟರ್ ಎರಡೂ ಸಿಗುತ್ತವೆ. ಸರಾಸರಿ ವರ್ಷಕ್ಕೆ 22,000 ಓಡುತ್ತಿದ್ದ ಕಾರು 2019ರ ನಂತರ ಇದ್ದಕ್ಕಿದ್ದಂತೆ 2,000 ಓಡತೊಡಗಿದರೆ, ಸಾಮಾನ್ಯವಾಗಿ ಅಲ್ಲೇ ಮೀಟರಿಗೆ ಕೈ ಬಿದ್ದಿರುತ್ತದೆ.

ಸೆಡಾನ್ ಆದ್ದರಿಂದ ಹಳದಿ ಬೋರ್ಡಿನ ಜಾಡನ್ನೂ ಹುಡುಕಿ. ಟ್ಯಾಕ್ಸಿಯಾಗಿದ್ದ ಕಾರನ್ನು ಬಿಳಿ ಬೋರ್ಡಿಗೆ ಬದಲಿಸಿ ಮಾರುವುದು ಕಾನೂನುಬದ್ಧವೇ, ಹೇಳದೆ ಮಾರುವುದು ಮೋಸ. ಆರ್‌ಟಿಒ ದಾಖಲೆಯಲ್ಲಿ ಬದಲಾವಣೆ ಇರುತ್ತದೆ. ಕಾರಿನ ಮೇಲೂ ಕಲೆ ಉಳಿದಿರುತ್ತದೆ: ಛಾವಣಿಯಲ್ಲಿ ಕ್ಯಾರಿಯರ್ ಒತ್ತಿದ ಗುರುತು, ಡ್ಯಾಶ್‌ಬೋರ್ಡಿನಲ್ಲಿ ಮೊಬೈಲ್ ಸ್ಟ್ಯಾಂಡಿನ ತೂತು, ವೇಗ ನಿಯಂತ್ರಕ ಕಿತ್ತಮೇಲೆ ಟೇಪ್ ಸುತ್ತಿ ಬಿಟ್ಟ ವೈರು.

ಪ್ರಶ್ನೆ: ಮೆಕ್ಯಾನಿಕ್ ಜೊತೆಗಿಲ್ಲದಿದ್ದಾಗ ಕಾರು ನೋಡಲು ಹೋದರೆ ಏನೇನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು? — ದಾವಣಗೆರೆಯ ಓದುಗರು

ಉತ್ತರ: ಬೆಳಗ್ಗೆ ಬೇಗ ಹೋಗಿ. 'ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ' ಅಂತ ಹಿಂದಿನ ದಿನವೇ ಹೇಳಿಡಿ. ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿರುವ ಎಂಜಿನ್ ಹೇಳುವುದನ್ನು ಬಿಸಿಯಾದ ಎಂಜಿನ್ ಹೇಳುವುದಿಲ್ಲ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಡೀಸೆಲ್‌ನಲ್ಲಿ ಆಯಿಲ್ ಕಪ್ಪಗಿರುವುದು ಸಹಜ. ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಕಂಡರೆ ಕೂಲೆಂಟ್ ಒಳಗೆ ಸೇರಿದೆ, ಅಲ್ಲಿಗೇ ಮಾತು ಮುಗಿಸಿ. ಗುರುತಿಗಿಂತ ಮೇಲೆ ಆಯಿಲ್ ಇದ್ದು ಡೀಸೆಲ್ ವಾಸನೆ ಬಂದರೆ ಇಂಜೆಕ್ಟರಿನಿಂದ ಸೋರಿದ ಡೀಸೆಲ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತಿದೆ.

ಈಗ ಸ್ಟಾರ್ಟ್. ಒಬ್ಬರು ಕೀ ತಿರುಗಿಸಲಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ಮೊದಲ ಎರಡು ಮೂರು ಸೆಕೆಂಡು ಚೈನ್ ಕಡೆಯಿಂದ ಸರಪಳಿ ಕುಲುಕಿದಂಥ ಸದ್ದು ಬಂದು ನಿಂತರೆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸೊರಗಿದೆ. ನೀಲಿ ಹೊಗೆ ಆಯಿಲ್ಲಿನದು. ಸ್ಟಾರ್ಟ್ ಮಾಡಿದಾಗ ಒಮ್ಮೆ ಪುಸ್ಸೆಂದು ನಿಂತುಹೋದರೆ ವಾಲ್ವ್ ಸೀಲ್, ಅದು ಸಣ್ಣ ಖರ್ಚು. ಆಕ್ಸಿಲರೇಟರ್ ಒತ್ತಿದಾಗೆಲ್ಲ ಬಂದರೆ ಪಿಸ್ಟನ್ ರಿಂಗ್, ಅದು ದೊಡ್ಡ ಖರ್ಚು. ಬಿಳಿ ಹೊಗೆ ಐದು ನಿಮಿಷದ ನಂತರವೂ ಬಿಡದೆ, ಸಿಹಿ ವಾಸನೆ ಇದ್ದರೆ ಹೆಡ್ ಗ್ಯಾಸ್ಕೆಟ್. ಕಪ್ಪು ಹೊಗೆಗೆ ಏರ್ ಫಿಲ್ಟರಿನಿಂದ ಹಿಡಿದು ಇಂಜೆಕ್ಟರ್‌ವರೆಗೆ ಏನೂ ಕಾರಣವಿರಬಹುದು.

ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬಿಸುವ ಮುಚ್ಚಳ ತಿರುಗಿಸಿ ತೆಗೆದು, ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಸುಮ್ಮನೆ ಇಡಿ. ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಗಾಳಿಗೆ ಎದ್ದು ಬಿದ್ದರೆ, ಉಗಿಬಂಡಿಯಂತೆ ಹೊಗೆ ಬುಸುಗುಟ್ಟಿದರೆ, ರಿಂಗಿನ ಪಕ್ಕದಿಂದ ಒತ್ತಡ ಕೆಳಗಿಳಿಯುತ್ತಿದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆಗೆ ಮಾರುವವರ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಎಸಿ ಹಾಕಿ 20 ನಿಮಿಷ ನಿಂತಲ್ಲೇ ಓಡಲಿ. ಫ್ಯಾನ್ ಹೊತ್ತಿಗೆ ಸರಿಯಾಗಿ ಬಂದು ನಿಲ್ಲಬೇಕು, ಟೆಂಪರೇಚರ್ ಮುಳ್ಳು ನಡುವಿನಲ್ಲಿ ಅಲುಗಬಾರದು. ಆಮೇಲೆ ರಸ್ತೆಗೆ. ಮೂರನೇ ಗೇರಿನಲ್ಲಿ 40ರ ವೇಗದಿಂದ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಎಂದರೆ ಸಿಂಕ್ರೊ ರಿಂಗ್ ಸವೆದಿದೆ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಟಕಟಕ ಅಂದರೆ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್. ಹಂಪ್ ಮೇಲೆ ನಿಧಾನವಾಗಿ ಹತ್ತಿಳಿಯುವಾಗ ಲೊಟಲೊಟ ಅಂದರೆ ಬಹುಪಾಲು ಲಿಂಕ್ ರಾಡ್, ಹೆದರಬೇಡಿ. 60–70ರಲ್ಲಿ ವಿಮಾನದಂಥ ಗುಂಯ್ ಸದ್ದು ಬಂದು ಸ್ಟೇರಿಂಗ್ ಒಂದು ಕಡೆ ವಾಲಿಸಿದಾಗ ಏರಿಳಿದರೆ ವೀಲ್ ಬೇರಿಂಗ್.

ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಜೇಬಿನಲ್ಲಿರಲಿ. ಎಚ್ಚರಿಕೆ ದೀಪ ಆರಿದೆ ಎಂದಷ್ಟೇ ನೋಡಿ ಸುಮ್ಮನಾಗಬೇಡಿ. 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಅಂಕಿ ಎಷ್ಟೋ ಕಾರುಗಳಲ್ಲಿ ಸಿಗುತ್ತದೆ. ಅದು 3 ಕಿ.ಮೀ. ಅಂತ ತೋರಿಸಿದರೆ, ನೀವು ಬರುವ ಮೊದಲು ಯಾರೋ ದೀಪ ಆರಿಸಿದ್ದಾರೆ.

ಇಷ್ಟರಲ್ಲಿ ಪಾಸಾದರೆ ಮಾತ್ರ ಗ್ಯಾರೇಜಿಗೆ ಒಯ್ದು, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಸಿಲಿಂಡರಿಗೆ 170–200 ಪಿಎಸ್‌ಐ ಬರಬೇಕು. ಅಂಕಿಗಿಂತ ಮುಖ್ಯವಾದದ್ದು ಸಮಾನತೆ, ನಾಲ್ಕರ ನಡುವೆ ಶೇ 10–15ಕ್ಕಿಂತ ಹೆಚ್ಚು ಅಂತರ ಇರಬಾರದು. ಒಂದು ಕಡಿಮೆ ಬಂದರೆ ಅದೇ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಡೀಸೆಲ್ ಆದರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್ ಕೇಳಿ. ನಾಲ್ಕು ಇಂಜೆಕ್ಟರಿಗೂ ಒಂದೊಂದು ಪುಟ್ಟ ಬಾಟಲಿ ಕಟ್ಟಿ ಓಡಿಸುತ್ತಾರೆ. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರಿನ ಕಾಲ ಮುಗಿಯಿತು.

ಪ್ರಶ್ನೆ: ಚೈನ್ ಇರುವ ಕಾರಾ, ಬೆಲ್ಟ್ ಇರುವ ಕಾರಾ, ಯಾವುದು ಕ್ಷೇಮ? — ಚಿಕ್ಕಮಗಳೂರಿನ ಓದುಗರು

ಉತ್ತರ: ಎರಡೂ ಕ್ಷೇಮವೇ, ಮರೆತವರಿಗೆ ಎರಡೂ ದುಬಾರಿ. ಮಾರುತಿ ಡಿಸೈರ್, ಫಿಯೆಟ್ ಲಿನಿಯಾ ಮುಂತಾದವುಗಳಲ್ಲಿ ಬಂದ 1248 ಸಿಸಿ ಮಲ್ಟಿಜೆಟ್ ಡೀಸೆಲ್‌ಗೆ ಚೈನ್ ಇದೆ. ಆಯಿಲ್ ಬದಲಿಸುವುದನ್ನು 10,000ದಿಂದ 18–20 ಸಾವಿರಕ್ಕೆ ಎಳೆದವರ ಕಾರಿನಲ್ಲಿ ಅದೇ ಚೈನ್ ಹಿಗ್ಗುತ್ತದೆ, ಏಕೆಂದರೆ ಟೆನ್ಷನರ್ ನಡೆಯುವುದೇ ಆಯಿಲ್ ಒತ್ತಡದಿಂದ. ಮಹೀಂದ್ರ ವೆರಿಟೋ ಮತ್ತು ನಿಸಾನ್ ಸನ್ನಿ ಡೀಸೆಲ್, ಫೋಕ್ಸ್‌ವ್ಯಾಗನ್ ವೆಂಟೊ ಮತ್ತು ಸ್ಕೋಡಾ ರ‍್ಯಾಪಿಡ್‌ನ 1.6 ಡೀಸೆಲ್‌ಗಳಲ್ಲಿ ರಬ್ಬರ್ ಬೆಲ್ಟ್ ಇದೆ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಹೊಡೆದು ಬಾಗುತ್ತವೆ, ಹೆಡ್ ಬಿಚ್ಚಲೇಬೇಕು. ರಬ್ಬರಿಗೆ ಕಿಲೋಮೀಟರಿನಷ್ಟೇ ವಯಸ್ಸೂ ಶತ್ರು. ಬದಲಿಸಿದ ಬಿಲ್ ಕೈಯಲ್ಲಿಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಕಾರು ಮನೆಗೆ ಬಂದ ವಾರವೇ ಬೆಲ್ಟ್, ಟೆನ್ಷನರ್, ಐಡ್ಲರ್, ವಾಟರ್ ಪಂಪ್ ನಾಲ್ಕನ್ನೂ ಒಟ್ಟಿಗೆ ಹಾಕಿಸಿ. ಬೆಲ್ಟ್ ಒಂದನ್ನೇ ಬದಲಿಸಿ ಹಳೇ ಪಂಪ್ ಬಿಟ್ಟರೆ, ಪಂಪ್ ಹಿಡಿದುಕೊಂಡ ದಿನ ಹೊಸ ಬೆಲ್ಟೂ ಹೋಗುತ್ತದೆ.

ಪ್ರಶ್ನೆ: ಕೊಂಡ ಸೆಡಾನ್‌ನ ಕೂಲೆಂಟ್ ಡಬ್ಬಿಯಲ್ಲಿ ಕೆಂಪು ಮಣ್ಣಿನ ನೀರಿನಂಥದ್ದಿದೆ. ಮೊದಲಿನವರು ಬೋರ್‌ವೆಲ್ ನೀರು ಹಾಕುತ್ತಿದ್ದರಂತೆ. ಹೀಟ್ ಇನ್ನೂ ಏರಿಲ್ಲ. — ವಿಜಯಪುರದ ಓದುಗರು

ಉತ್ತರ: ಇನ್ನೂ ಏರಿಲ್ಲ, ಅಷ್ಟೇ. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳೊಳಗೆ ಹೆಪ್ಪುಗಟ್ಟುತ್ತದೆ. ಕಾಫಿ ಕಾಸುವ ಪಾತ್ರೆಯ ತಳ ನೋಡಿದ್ದೀರಲ್ಲ, ಅದೇ. ಕೂಲೆಂಟಿನಲ್ಲಿರುವ ತುಕ್ಕು ನಿರೋಧಕ ಇಲ್ಲದ್ದರಿಂದ ಕಬ್ಬಿಣ ಕೆಂಪಾಗಿ ಕರಗುತ್ತದೆ, ಅಲ್ಯೂಮಿನಿಯಂ ಹೆಡ್ ತೂತು ಬೀಳುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಎಲ್ಲವನ್ನೂ ಬಸಿಯಿರಿ. ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಗುಂಡಿ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಒಮ್ಮೆ ಬರುವವರೆಗೆ ಓಡಿಸಿ, ತಣಿಯಲು ಬಿಟ್ಟು ಮತ್ತೆ ಬಸಿಯಿರಿ. ನೀರು ತಿಳಿಯಾಗುವವರೆಗೆ ಹೀಗೆ ಮೂರು ಸಲವಾದರೂ ಬೇಕು. ಕೊನೆಯ ಸಲ ಬಸಿದ ಮೇಲೂ ಬ್ಲಾಕಿನೊಳಗೆ ಒಂದೆರಡು ಲೀಟರ್ ನೀರು ಉಳಿದಿರುತ್ತದೆ. ಆದ್ದರಿಂದ ಒಟ್ಟು ಆರು ಲೀಟರ್ ಹಿಡಿಯುವ ಕಾರಾದರೆ ಮೊದಲು ಮೂರು ಲೀಟರ್ ಅಪ್ಪಟ ಕೂಲೆಂಟ್ ಸುರಿದು, ಆಮೇಲೆ ಹಿಡಿಯುವಷ್ಟು ಡಿಸ್ಟಿಲ್ಡ್ ವಾಟರ್ ತುಂಬಿ. ಅರ್ಧಕ್ಕರ್ಧ ಆಗುತ್ತದೆ. ಪ್ರೆಷರ್ ಕ್ಯಾಪ್ ಹೊಸದು ಹಾಕಿ, ರಬ್ಬರ್ ಗಟ್ಟಿಯಾದ ಕ್ಯಾಪ್ ಒತ್ತಡ ಹಿಡಿಯದೆ ನೀರು ಬೇಗ ಕುದಿಯುತ್ತದೆ.

ಥರ್ಮೋಸ್ಟ್ಯಾಟ್ ಇದೆಯೋ ಅಂತಲೂ ಬಿಚ್ಚಿಸಿ ನೋಡಿ. ಹೀಟ್ ಆಗುತ್ತದೆ ಅಂತ ಅದನ್ನೇ ಕಿತ್ತೆಸೆಯುವ ಚಾಳಿ ಬಿಸಿಲ ನಾಡಿನ ಗ್ಯಾರೇಜುಗಳಲ್ಲಿ ಇನ್ನೂ ಹೋಗಿಲ್ಲ. ಅದಿಲ್ಲದ ಎಂಜಿನ್ ಸದಾ ಅರೆಬಿಸಿಯಲ್ಲಿ ಓಡಿ, ಇಂಧನ ಹೆಚ್ಚು ಕುಡಿದು, ಸಿಲಿಂಡರ್ ಗೋಡೆಯನ್ನೂ ಬೇಗ ಸವೆಸುತ್ತದೆ.

ಪ್ರಶ್ನೆ: 1,80,000 ಓಡಿದ ಪೆಟ್ರೋಲ್ ಕಾರು ಆಯಿಲ್ ತಿನ್ನುತ್ತಿದೆ. 20ಡಬ್ಲ್ಯು-50 ಎಂಬ ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತೆ ಅಂತಾರೆ, ಹಾಕಲಾ? — ಶಿವಮೊಗ್ಗದ ಓದುಗರು

ಉತ್ತರ: ಮೊದಲು ಅಳೆಯಿರಿ. ಮೇಲಿನ ಗೆರೆಯವರೆಗೆ ತುಂಬಿಸಿ, 1,000 ಕಿ.ಮೀ. ಓಡಿಸಿ, ಮತ್ತೆ ಅದೇ ಗೆರೆ ಮುಟ್ಟಲು ಎಷ್ಟು ಬೇಕಾಯಿತು ನೋಡಿ. 200–300 ಮಿ.ಲೀ. ಆದರೆ ಈ ವಯಸ್ಸಿಗೆ ಅದು ರೋಗವಲ್ಲ, ಡಿಕ್ಕಿಯಲ್ಲೊಂದು ಲೀಟರ್ ಡಬ್ಬ ಇಟ್ಟುಕೊಳ್ಳಿ. ಅರ್ಧ ಲೀಟರ್ ದಾಟಿದರೆ, ಎಂಜಿನ್ ತಳದ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಬದಲಿಸಿ ಮತ್ತೆ ಅಳೆಯಿರಿ, ಆ ಪುಟ್ಟ ವಾಲ್ವ್ ಕಟ್ಟಿಕೊಂಡೇ ಎಷ್ಟೋ ಎಂಜಿನ್‌ಗಳು ಆಯಿಲ್ ಕುಡಿಯುತ್ತವೆ. 5ಡಬ್ಲ್ಯು-30 ಹೇಳಿರುವ ಎಂಜಿನ್ನಿಗೆ 5ಡಬ್ಲ್ಯು-40ರವರೆಗೆ ಹೋಗಬಹುದು. 20ಡಬ್ಲ್ಯು-50 ಬೇಡ. ಮುಂಜಾನೆಯ ಚಳಿಯಲ್ಲಿ ಅದು ಕ್ಯಾಮ್‌ಶಾಫ್ಟ್ ತಲುಪುವುದು ತಡ. ಮಾರುವ ಮುನ್ನ ಸದ್ದು–ಹೊಗೆ ಅಡಗಿಸಲು ದಪ್ಪ ಆಯಿಲ್ ಸುರಿಯುವವರೂ ಇದ್ದಾರೆ. ಕಡ್ಡಿಯಿಂದ ಜೇನಿನಂತೆ ಎಳೆಎಳೆಯಾಗಿ ಇಳಿದರೆ ಎಚ್ಚರ.

ಪ್ರಶ್ನೆ: ದೆಹಲಿಯ ಡೀಸೆಲ್ ಸೆಡಾನ್ ಇಲ್ಲಿನ ಅರ್ಧ ಬೆಲೆಗೆ ಸಿಗುತ್ತಿದೆ. ತರಿಸಲಾ? — ತುಮಕೂರಿನ ಓದುಗರು

ಉತ್ತರ: ಅಗ್ಗಕ್ಕೆ ಕಾರಣ ಇದೆ. 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2014–15ರಲ್ಲಿ ದೆಹಲಿ ವಲಯಕ್ಕೆ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಗಡುವು ಹತ್ತಿರವಾದ ಕಾರುಗಳು ದಕ್ಷಿಣಕ್ಕೆ ಬರತೊಡಗಿದ್ದು ಅದಕ್ಕೇ. ಕಾರು ಕೆಟ್ಟದೆಂದಲ್ಲ, ಆದರೆ ಆ ಬೆಲೆಗೆ ಇಲ್ಲಿನ ಆಯುಷ್ಕಾಲ ತೆರಿಗೆ, ಸಾಗಣೆ, ಎನ್‌ಒಸಿ, ಮರುನೋಂದಣಿ ಸೇರಿಸಿ ನೋಡಿ. ಎನ್‌ಒಸಿ, ಅಂದರೆ ಫಾರಂ 28, ಕೈಗೆ ಬರದೆ ಮುಂಗಡ ಕೊಡಬೇಡಿ. ಸಾಲದ ಮೇಲೆ ಕೊಂಡಿದ್ದರೆ ಬ್ಯಾಂಕಿನ ಫಾರಂ 35 ಕೂಡ ಬೇಕು. ಕೂಡಿ ನೋಡಿದ ಮೇಲೆ ಕೆಎ ನೋಂದಣಿಯ ಕಾರಿಗಿಂತ ಲಕ್ಷದಷ್ಟಾದರೂ ಉಳಿಯದಿದ್ದರೆ ಆ ಓಡಾಟ ಯಾಕೆ?

ಪ್ರಶ್ನೆ: 2015ರ ಹೋಂಡಾ ಸಿಟಿ, ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರಿನದು, 1,30,000 ಕಿ.ಮೀ. ಗೇರ್ ಆಯಿಲ್ ಎಂದೂ ಬದಲಿಸಿಲ್ಲವಂತೆ. ಈಗ ಬದಲಿಸಿದರೆ ಕೆಡುತ್ತೆ ಅಂತ ಹೆದರಿಸುತ್ತಾರೆ. — ಬೆಂಗಳೂರಿನ ಓದುಗರು

ಉತ್ತರ: ಮೆಷಿನ್ ಹಚ್ಚಿ ಒತ್ತಡದಿಂದ ಫ್ಲಶ್ ಮಾಡಿಸಬೇಡಿ, ಆ ಹೆದರಿಕೆಯಲ್ಲಿ ಅಷ್ಟು ಮಾತ್ರ ನಿಜ. ಕೆಳಗಿನ ಬೋಲ್ಟ್ ತೆಗೆದು ಬಸಿದರೆ ಮೂರರಿಂದ ಮೂರೂವರೆ ಲೀಟರ್ ಇಳಿಯುತ್ತದೆ, ಒಟ್ಟಿನ ಅರ್ಧಕ್ಕೂ ಸ್ವಲ್ಪ ಹೆಚ್ಚು. ಇಳಿದಷ್ಟನ್ನೇ ಅಳೆದು ಎಚ್‌ಸಿಎಫ್-2 ಆಯಿಲ್ ತುಂಬಿಸಿ. 1,000 ಕಿ.ಮೀ. ಬಿಟ್ಟು ಮತ್ತೊಮ್ಮೆ ಹಾಗೇ. ಆಮೇಲೆ 40,000ಕ್ಕೊಮ್ಮೆ. ಬೇರೆ ಯಾವ ಆಟೊಮ್ಯಾಟಿಕ್ ಗೇರ್ ಆಯಿಲ್ಲೂ ಬೇಡ, ಬೆಲ್ಟ್ ಮತ್ತು ಪುಲ್ಲಿಯ ಹಿಡಿತವೇ ಆ ಆಯಿಲ್ ಮೇಲೆ ನಿಂತಿದೆ. ಕೊಳ್ಳುವ ಮೊದಲು 20ರಿಂದ 40ರ ವೇಗದಲ್ಲಿ ಹಗುರವಾಗಿ ಒತ್ತಿಕೊಂಡು ಹೋಗಿ. ಸೀಟು ಅದುರಿದರೆ ಆಯಿಲ್ ಬದಲಿಸಿದ ಮಾತ್ರಕ್ಕೆ ಸರಿಹೋಗುತ್ತದೆಂದು ನಂಬಿ ದುಡ್ಡು ಕೊಡಬೇಡಿ.

ಪ್ರಶ್ನೆ: 2009ರ ಪೆಟ್ರೋಲ್ ಸೆಡಾನ್ ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ತಡೆಯುತ್ತಾ? — ಬಳ್ಳಾರಿಯ ಓದುಗರು

ಉತ್ತರ: ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ನಿಮ್ಮ ಕಾರು ಅದಕ್ಕಾಗಿ ಮಾಡಿದ್ದಲ್ಲ. ಎಂಜಿನ್ ಕೂಡಲೇ ಕೆಡುವುದಿಲ್ಲ, ಮೊದಲು ಸೋಲುವುದು ರಬ್ಬರ್. ಟ್ಯಾಂಕಿನಿಂದ ಎಂಜಿನ್‌ವರೆಗಿನ ಹೋಸ್, ಪಂಪಿನ ಓ-ರಿಂಗ್, ಇಂಜೆಕ್ಟರ್ ಸೀಲ್‌ಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿಬಿಡಿ. ಹಳೇ ಟ್ಯಾಂಕಿನ ಕೊಳೆಯನ್ನು ಎಥನಾಲ್ ಸಡಿಲಿಸುವುದರಿಂದ ಶುರುವಿನಲ್ಲಿ ಫ್ಯುಯೆಲ್ ಫಿಲ್ಟರ್ ಬೇಗ ಕಟ್ಟುತ್ತದೆ. ಇಂಥ ಹಳೇ ಕಾರುಗಳಲ್ಲಿ ಮೈಲೇಜ್ ಶೇ 6–7 ಇಳಿಯಬಹುದೆಂದು ನೀತಿ ಆಯೋಗದ ವರದಿಯೇ ಹೇಳಿದೆ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಅದನ್ನು 'ಹಳೇ ಕಾರು, ಇದ್ದದ್ದೇ' ಅಂತ ಬಿಡಬೇಡಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ಪುತ್ತೂರಿನ ಮನೆಯಲ್ಲಿ ಹಳೇ ಸೆಡಾನ್ ವರ್ಷದಲ್ಲಿ 11 ತಿಂಗಳು ನಿಂತೇ ಇರುತ್ತದೆ. ತಮ್ಮ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾನೆ. ಸಾಕಾ?

ಉತ್ತರ: ಸಾಲದು, ಮಾಡದಿರುವುದಕ್ಕಿಂತ ಕೆಟ್ಟದ್ದೂ ಹೌದು. ಐದು ನಿಮಿಷದಲ್ಲಿ ಎಂಜಿನ್ ಬಿಸಿಯಾಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಕಟ್ಟುತ್ತದೆ, ಸ್ಟಾರ್ಟರ್ ಎಳೆದ ಕರೆಂಟೂ ಬ್ಯಾಟರಿಗೆ ಮರಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ 20 ಕಿ.ಮೀ. ಓಡಿಸಿ ಬರಲಿ, ಎಸಿ ಹಾಕಿಕೊಂಡೇ, ಇಲ್ಲದಿದ್ದರೆ ಕಂಪ್ರೆಸರಿನ ಸೀಲ್ ಒಣಗುತ್ತದೆ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಲಿ. ಮಳೆಗಾಲದ ತೇವಕ್ಕೆ ಹಿಂದಿನ ಡ್ರಮ್ಮಿಗೆ ಲೈನರ್ ಕಚ್ಚಿಕೊಳ್ಳುತ್ತದೆ. ಪೆಟ್ರೋಲ್ ಕಾರಾದರೆ ಟ್ಯಾಂಕ್ ತುಂಬಿಯೇ ಇರಲಿ, ಖಾಲಿ ಜಾಗದ ತೇವವನ್ನು ಎಥನಾಲ್ ಹೀರುತ್ತದೆ. ಟೈರಿಗೆ 40 ಪಿಎಸ್‌ಐ ಗಾಳಿ. ತೋಟದ ಮನೆಯಾದ್ದರಿಂದ ಇಲಿಗಳ ಬಗ್ಗೆ ಬೇರೆ ಹೇಳಬೇಕಿಲ್ಲ. ಶೆಡ್‌ನಲ್ಲಿ ಅಡಿಕೆ ಮೂಟೆ, ಹಿಂಡಿ ಚೀಲ ಇಡದಿರಲಿ, ಸ್ಟಾರ್ಟ್ ಮಾಡುವ ಮುನ್ನ ಪ್ರತಿ ಸಲ ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಲಿ. ಅವು ಗೂಡು ಕಟ್ಟುವುದು ಹೆಚ್ಚಾಗಿ ಅದರೊಳಗೇ.